ಒಲೆ ಎಣಿಸುತ್ತಿದ್ದ ಅಕ್ಕೋರು

ಹಳೆಯ ಅಡುಗೆಮನೆಯ ತೊಲೆಯನ್ನು ಕೊಯ್ದಾಗ ಬರುವ ವಾಸನೆಯೇ ಬೇರೆ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಕೆಡವಿದ ಮನೆಗಳ ಮರಮುಟ್ಟು ಮಾರುವ ಅಡ್ಡೆಯೊಂದಿದೆ. ಕಂಬ, ಜಂತಿ, ಬಾಗಿಲ ಚೌಕಟ್ಟುಗಳನ್ನು ಅಳತೆಯ ಪ್ರಕಾರ ಜೋಡಿಸಿ ಇಟ್ಟಿರುತ್ತಾರೆ. ಹೊಸ ಹೋಟೆಲು ಕಟ್ಟುವವರು, ತೋಟದ ಮನೆಗೆ ಹಳೆಯ ಕಳೆ ಬೇಕೆನ್ನುವವರು ಬಂದು ಆರಿಸಿಕೊಂಡು ಹೋಗುತ್ತಾರೆ. ಹಳ್ಳಿಗಳಲ್ಲಿ ಎಷ್ಟು ವೇಗವಾಗಿ ಹಳೆಯ ಮನೆಗಳು ಬೀಳುತ್ತಿವೆ ಎಂದು ಬರೆಯಲು ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಮಾಲೀಕರ ಜೊತೆ ಮಾತಾಡುತ್ತಿದ್ದಾಗ ಗರಗಸದ ಯಂತ್ರಕ್ಕೆ ಒಂದು ಕರಿಯ ತೊಲೆ ಕೊಟ್ಟರು. ಹೊರಮೈ ಟಾರು ಬಳಿದಂತಿತ್ತು. ಗರಗಸ ಒಳಗಿಳಿದದ್ದೇ ತಡ, ಹೊಗೆಯ ವಾಸನೆ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ, ಸೀದ ರೊಟ್ಟಿಯ ವಾಸನೆ ಎದ್ದು ಬಂತು.

"ಅಡಗಿಮನಿದ್ರಿ ಇದು," ಎಂದರು ಮಾಲೀಕರು. "ಎಷ್ಟ ಪಾಲಿಶ್ ಹೊಡಸ್ರಿ, ಮಳಿಗಾಲದಾಗ ಮತ್ತ ವಾಸನಿ ಹೊಡೀತೈತಿ. ತಗೊಂಡಾವ್ರು ಫೋನ್ ಮಾಡಿ ಬೈತಾರ."

ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಅಕ್ಕೋರು ನೆನಪಾದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ನಾನು ಅವರ ಕೈಯಲ್ಲಿ ಕಲಿತವನಲ್ಲ. ಭೇಟಿಯಾದಾಗ ನನಗೆ ಇಪ್ಪತ್ತನಾಲ್ಕು ವರ್ಷ, ಪತ್ರಿಕೆಯ ಹಾವೇರಿ ಕಚೇರಿಗೆ ಸೇರಿ ಎಂಟು ತಿಂಗಳು. ಅವರಿಗೆ ನಲವತ್ತು ದಾಟಿತ್ತು. ಹಾವೇರಿ ಜಿಲ್ಲೆಯಾಗಿ ಬಹಳ ವರ್ಷವಾಗಿರಲಿಲ್ಲ, ಜನಗಣತಿಗೆ ಮೊದಲು ನಡೆಯುವ ಮನೆಪಟ್ಟಿಯ ಕೆಲಸ ಆ ಬೇಸಿಗೆಯಲ್ಲಿ ಶುರುವಾಗಿತ್ತು. ಊರೂರಿನ ಶಿಕ್ಷಕರು ಮನೆಮನೆಗೆ ಹೋಗಿ ಬಾಗಿಲ ಮೇಲೆ ನಂಬರು ಬರೆದು, ಗೋಡೆ ಯಾವುದರದ್ದು, ಛಾವಣಿ ಯಾವುದರದ್ದು, ಒಳಗೆ ಎಷ್ಟು ಕುಟುಂಬ ಎಂದು ಪಟ್ಟಿ ಮಾಡಬೇಕಿತ್ತು. ತಲೆ ಎಣಿಸುವುದು ಮುಂದಿನ ಚಳಿಗಾಲದ ಕೊನೆಗೆ. ನಮ್ಮ ಮುಖ್ಯ ವರದಿಗಾರರು, "ಅಂಕಿಸಂಖ್ಯೆ ಬ್ಯಾಡ. ಯಾರರೆ ಒಬ್ಬರ ಹಿಂದ ಒಂದ ದಿನ ಅಡ್ಡಾಡಿ ಬಾ," ಎಂದು ಕಳಿಸಿದ್ದರು.

ಊರು ಮೋಟೆಬೆನ್ನೂರಿನಿಂದ ಒಳಗೆ, ಒಂದು ಸಣ್ಣ ಗುಡ್ಡದ ಮಗ್ಗುಲಿಗೆ ಇತ್ತು. ಹೆಸರು ಬರೆಯುವುದಿಲ್ಲ. ಗುರುತಾಗುವಂಥ ಒಂದೆರಡು ವಿವರಗಳನ್ನೂ ಈ ಸಲ ಬದಲಿಸಿದ್ದೇನೆ. ಆಗ ಹಾಗೆ ಮಾಡಬೇಕೆಂದು ನನಗೆ ತಿಳಿದಿರಲಿಲ್ಲ...

ಅಕ್ಕೋರು ರಾಣೇಬೆನ್ನೂರು ಬಳಿಯ ಹಲಗೇರಿಯವರು. ಮದುವೆಯಾಗಿರಲಿಲ್ಲ. ದಿನಾ ಎರಡು ಬಸ್ಸು ಬದಲಿಸಿ ಬಂದು ಹೋಗುತ್ತಿದ್ದರು. ನಾನು ಹೋದ ದಿನ ಊರ ಹೆಬ್ಬಾಗಿಲಾದ ಅಗಸಿಯ ನೆರಳಲ್ಲಿ ನಿಂತು, ಕಡ್ಡಿಯ ತುದಿಗೆ ಅರಿವೆ ಸುತ್ತಿ ನಂಬರು ಬರೆಯಲು ಕುಂಚ ಮಾಡಿಕೊಳ್ಳುತ್ತಿದ್ದರು. ಕಾಲ ಬಳಿ ಕೆಮ್ಮಣ್ಣು ಕಲಸಿದ ಡಬ್ಬಿ, ಬಗಲಲ್ಲಿ ಫಾರ್ಮುಗಳ ಚೀಲ, ಕುತ್ತಿಗೆ ಮತ್ತು ಭುಜದ ನಡುವೆ ಹೇಗೋ ಸಿಕ್ಕಿಸಿಕೊಂಡ ಕೊಡೆ. ನಾನು ಬಂದ ಕಾರಣ ಹೇಳಿದೆ.

"ಬಾಜೂ ನಿಂತ ನೋಡ್ರಿ. ಫಾರ್ಮಿನೊಳಗ ಹಣಿಕಿ ಹಾಕಬ್ಯಾಡ್ರಿ. ಅದು ಹೊರಗ ಹೇಳೂವಂಥದ್ದಲ್ಲ," ಎಂದರು. ನಾನು ಒಪ್ಪಿದೆ.

ಊರಿನ ಮನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹೊರಗೆ ಕಟ್ಟೆ, ದೊಡ್ಡ ಬಾಗಿಲು, ಒಳಗೆ ಹೋದ ಕೂಡಲೇ ದನ ಕಟ್ಟುವ ಜಾಗ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ನಡುಮನೆ ಮತ್ತು ಅಡುಗೆಮನೆ. ಗೋಡೆ ಮಣ್ಣಿನದು, ಮೂರು ಅಡಿ ದಪ್ಪ. ಅಕ್ಕೋರು ಗೋಡೆಯನ್ನು ಅಂಗೈಯಿಂದ ಒಂದು ಸಲ ತಟ್ಟಿ ನೋಡಿಯೇ ಬರೆದುಕೊಳ್ಳುತ್ತಿದ್ದರು. "ಮಣ್ಣಿಗೊಂದು ನಂಬರ್ ಕೊಟ್ಟಾರ. ಇಷ್ಟ ದಪ್ಪ ಐತಿ, ಬ್ಯಾಸಗ್ಯಾಗ ಒಳಗ ತಂಪ ಇರತೈತಿ ಅನ್ನಾಕ ನಂಬರ್ ಇಲ್ಲ ನೋಡ್ರಿ," ಎಂದು ಅವರು ಹೇಳಿದ್ದು ನನ್ನ ಅಂದಿನ ಟಿಪ್ಪಣಿ ಪುಸ್ತಕದಲ್ಲಿದೆ.

ಬಾಗಿಲ ಮೇಲೆ ನಂಬರು ಬರೆಯುವುದೇ ಒಂದು ಪಂಚಾಯ್ತಿ. ತೋರಣ ಕಟ್ಟುವ ಜಾಗದಲ್ಲಿ ಬರೆಯಬೇಡಿ ಎಂದು ಒಬ್ಬಳು, ಅರಿಶಿಣ ಹಚ್ಚುವಲ್ಲಿ ಬೇಡ ಎಂದು ಇನ್ನೊಬ್ಬಳು. ಒಬ್ಬ ಮುದುಕ, "ನಂಬರ್ ಹಾಕಿದ್ರ ಮನಿ ಸರಕಾರದ್ದಾಗತೈತೇನ್ರಿ?" ಎಂದು ಕೋಲೂರಿ ಅಡ್ಡ ನಿಂತ.

"ಆದ್ರ ಛಲೋನ ಆತಲ್ಲೋ ಯಜ್ಜಾ," ಎಂದರು ಅಕ್ಕೋರು. "ಸೋರೂ ಹೆಂಚು ಸರಕಾರದವ್ರ ಬಂದ ಕೈಯಾಡಸ್ತಾರ."

ಮುದುಕ ನಕ್ಕು ದಾರಿ ಬಿಟ್ಟ.

ಕಷ್ಟವಿದ್ದದ್ದು ಕುಟುಂಬದ ಲೆಕ್ಕದಲ್ಲಿ. ಒಂದೇ ಅಡುಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ ಎಂದು ಅವರಿಗೆ ತರಬೇತಿಯಲ್ಲಿ ಹೇಳಿದ್ದರು. ಒಂದೇ ಸೂರಿನ ಕೆಳಗೆ ಮೂರು ಒಲೆ ಉರಿಯುತ್ತಿದ್ದರೆ ಮೂರು ಕುಟುಂಬ. ಆದರೆ ಬಾಗಿಲಲ್ಲಿ ನಿಂತು "ನೀವು ಬೇರೆ ಆಗೀರೇನು?" ಎಂದು ಕೇಳಿದರೆ ನಿಜ ಹೊರಬೀಳುವುದಿಲ್ಲ. ಒಲೆ ಬೇರೆಯಾದ ಸುದ್ದಿ ಮನೆಯ ಗೋಡೆ ದಾಟಬಾರದು ಎನ್ನುವ ಮಾನ ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಹೊಲ ಪಾಲಾಗಿ, ದನ ಪಾಲಾಗಿ, ನೆಲದೊಳಗಿನ ಹಗೇವಿನ ಜೋಳ ಪಾಲಾದ ಮೇಲೂ ಗಂಡಸರು ಕಟ್ಟೆಯ ಮೇಲೆ ಕುಳಿತು "ಕೂಡೇ ಅದೇವ್ರಿ" ಎಂದೇ ಹೇಳುತ್ತಾರೆ.

ಅಕ್ಕೋರು ಅದನ್ನು ಕೇಳುತ್ತಲೇ ಇರಲಿಲ್ಲ. ಗೋಡೆ, ಹೆಂಚು, ನೀರು ಎಲ್ಲ ಬರೆದುಕೊಂಡು, ಪೆನ್ನು ಮುಚ್ಚಿ, ಹೊರಡುವವರಂತೆ ಸೆರಗು ಸರಿ ಮಾಡಿಕೊಂಡು, ಅಲ್ಲಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದರು: "ಇವತ್ತ ಏನ್ ಪಲ್ಯೆ ಮಾಡೀಯವಾ?" ಒಬ್ಬಳು ಬದನೆಕಾಯಿ ಅನ್ನುವಳು, ಇನ್ನೊಬ್ಬಳು ಮಡಿಕಿಕಾಳು ಅನ್ನುವಳು. ಅಕ್ಕೋರು ತಲೆಯಾಡಿಸಿ ಹೊರಗೆ ಬಂದು, ಮುಂದಿನ ಮನೆಯ ಕಟ್ಟೆಯ ಮೇಲೆ ಕುಳಿತು ಎರಡು ಕುಟುಂಬ ಎಂದು ಬರೆಯುವರು. ಒಂದು ಓಣಿ ಮುಗಿಯುವಷ್ಟರಲ್ಲಿ ನನಗೆ ಆ ಉಪಾಯ ಹೊಳೆದಿತ್ತು. ನನಗೆ ಸುದ್ದಿ ಸಿಕ್ಕಿತ್ತು.

ಮಧ್ಯಾಹ್ನದ ಹೊತ್ತಿಗೆ ಊರಿನ ದೊಡ್ಡ ಮನೆಗೆ ಹೋದೆವು. ಹೊರಗಿನ ಕಟ್ಟೆಯೇ ಇಪ್ಪತ್ತು ಜನ ಕೂರುವಷ್ಟಿತ್ತು. ಯಜಮಾನಿ ಎಪ್ಪತ್ತು ದಾಟಿದ ಆಯಿ. ಗಂಡ ತೀರಿಹೋಗಿ ಬಹಳ ವರ್ಷ. ಮೂವರು ಗಂಡುಮಕ್ಕಳಲ್ಲಿ ಕೊನೆಯವನು ಎರಡು ವರ್ಷದ ಹಿಂದೆ ಹೊಲದಲ್ಲಿ ಹಾವು ಕಚ್ಚಿ ಸತ್ತಿದ್ದ. ಅವನ ಹೆಂಡತಿ ಆ ಮನೆಯಲ್ಲೇ ಇದ್ದಳು. ಮಕ್ಕಳಿರಲಿಲ್ಲ. ಇಷ್ಟನ್ನು ಅಕ್ಕೋರು ದಾರಿಯಲ್ಲೇ ನನಗೆ ಹೇಳಿದ್ದರು.

ಆಯಿ ನಾವು ಕೂರುವ ಮೊದಲೇ, "ಬರಕೋರಿ ಅಕ್ಕೋರ. ಒಂದ ಮನಿ, ಒಂದ ಒಲಿ," ಎಂದಳು.

ಅಕ್ಕೋರು ಎಲ್ಲ ಬರೆದುಕೊಂಡರು. ಪೆನ್ನು ಮುಚ್ಚಿದರು. ಹಿರಿಯ ಸೊಸೆಯನ್ನು ಕೇಳಿದರು. ಪುಂಡಿಪಲ್ಯೆ ಎಂದಳು. ಎರಡನೆಯವಳು ಬಂದಳು. ಪುಂಡಿಪಲ್ಯೆ. ಸಣ್ಣ ಸೊಸೆ ದನ ಕಟ್ಟುವ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ನೆಲ ನೋಡುತ್ತ, ತಾನೂ ಪುಂಡಿಪಲ್ಯೆ ಎಂದಳು. ಒಂದೇ ಅಡುಗೆ, ಒಂದೇ ಕುಟುಂಬ. ನಾನು ಹಾಗೆಯೇ ಗುರುತು ಹಾಕಿಕೊಂಡೆ. ಆಯಿ ಗೋಡೆಗೆ ಒರಗಿ ಕೂತಳು. ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು. ಹಿಂದಿನ ಓಣಿಯಿಂದ ಅಕ್ಕೋರ ಪ್ರಶ್ನೆಯ ಸುದ್ದಿ ನಮಗಿಂತ ಮೊದಲೇ ಆ ಮನೆ ತಲುಪಿತ್ತೆಂದು ನನಗೆ ಆಮೇಲೆ ತಿಳಿಯಿತು. ಮುಂಜಾನೆಯೇ ಆಯಿ ಬಾವಿಯ ಪಕ್ಕದ ಮಡಿಯಿಂದ ಒಂದು ಹೊರೆ ಪುಂಡಿ ಸೊಪ್ಪು ಕೀಳಿಸಿ ಮೂವರು ಸೊಸೆಯರಿಗೂ ಹಂಚಿದ್ದಳು.

ಅಕ್ಕೋರು ಏಳಲಿಲ್ಲ. "ಬಿಸಲಾಗ ಹಸಿವ್ಯಾಗೈತಿ ಆಯಿ. ರೊಟ್ಟಿ ಬ್ಯಾಡ, ಬರೇ ಪಲ್ಯೆ ನೆಕ್ಕಾಕ ಕೊಡಸ್ರಿ. ಮೂರೂ ಮಂದಿ ಕೈದು ಕೊಡಸ್ರಿ, ಒಬ್ಬರದ ತಿಂದು ಒಬ್ಬರದ ಬಿಟ್ಟ್ರ ಹೆಂಗ ನಡದೀತು?" ಎಂದರು.

ಮನೆಗೆ ಬಂದವರು ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ಮನೆ ಅದಾಗಿರಲಿಲ್ಲ. ಮೂರು ಬಟ್ಟಲು ಬಂದವು. ಅಕ್ಕೋರು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡರು. ನನಗೂ ಕೊಟ್ಟರು. ಮೊದಲನೆಯದಕ್ಕೆ ಕಡಲೆಬೇಳೆ ಹಾಕಿ, ಬೆಳ್ಳುಳ್ಳಿ ಜಜ್ಜಿ, ಎಣ್ಣೆ ಮೇಲೆ ತೇಲುವಂತೆ ಒಗ್ಗರಣೆ ಕೊಟ್ಟಿದ್ದರು. ಎರಡನೆಯದರಲ್ಲಿ ಬೇಳೆ ಇರಲಿಲ್ಲ, ಜೋಳದ ನುಚ್ಚಿತ್ತು. ಮೂರನೆಯದು ಬರಿ ಪುಂಡಿ, ಉಪ್ಪು, ಹಸಿಮೆಣಸಿನಕಾಯಿ. ಒಗ್ಗರಣೆಯೇ ಇರಲಿಲ್ಲ.

"ಪಲ್ಯೆ ಒಂದ ಐತಿ ಆಯಿ," ಎಂದರು ಅಕ್ಕೋರು ಮೆಲ್ಲಗೆ. "ಕೈ ಮೂರ ಅದಾವು."

ಹಿರಿಯ ಸೊಸೆ ಒಳಗೆ ಹೋದಳು. ಆಯಿ ಸಿಟ್ಟಾಗುತ್ತಾಳೆಂದು ನಾನು ಕಾದೆ. ಆಗಲಿಲ್ಲ. ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿ, ಒರಗಿದ್ದ ಗೋಡೆಯ ಮೇಲೆ ಕೈಯಿಟ್ಟಳು. "ಇದರ ಮಣ್ಣ ನಾನ ತುಳದೇನಿ ಯವ್ವಾ. ಬಸರಿದ್ದೆ ಆವಾಗ. ಮುಂದಿನ ಸಲ ನೀವ ಬರೂದು ಹತ್ತ ವರ್ಷಕ್ಕ. ಅಷ್ಟರೊಳಗ ನಾ ಹೋಗಿರ್ತೇನಿ. ಆವಾಗ ಮೂರರೆ ಬರಕೋರಿ, ಮೂವತ್ತರೆ ಬರಕೋರಿ. ಈ ಸಲ ಒಂದ ಅಂತ ಬರೀರಿ," ಎಂದಳು.

ಅಕ್ಕೋರು ಆಕೆಗೆ ಮಾತು ಕೊಡಲಿಲ್ಲ. ಎದ್ದು ಡಬ್ಬಿ ತೆಗೆದು, ಬಾಗಿಲ ಚೌಕಟ್ಟಿನ ಬಲಗಡೆ, ಆಯಿ ತೋರಿಸಿದ ಜಾಗದಲ್ಲಿ, ಕೆಮ್ಮಣ್ಣಿನಿಂದ ಒಂದೇ ಒಂದು ನಂಬರು ಬರೆದರು. ಕಟ್ಟಡ ಒಂದಾದ್ದರಿಂದ ಬಾಗಿಲಿಗೆ ಒಂದೇ ನಂಬರು. ಕುಟುಂಬಗಳ ಲೆಕ್ಕ ಫಾರ್ಮಿನ ಒಳಗೆ, ಬೇರೆ ಬೇರೆ ಸಾಲಿನಲ್ಲಿ. ಆಯಿಗೆ ಓದಲು ಬರುತ್ತಿರಲಿಲ್ಲ, ಆದರೆ ಒಂದು ಗುರುತೋ ಮೂರು ಗುರುತೋ ಎಂದು ಎಣಿಸಲು ಬರುತ್ತಿತ್ತು. ಬಾಗಿಲ ಬಳಿ ನಿಂತು ಅದನ್ನು ನೋಡಿದಳು. ಅಕ್ಕೋರ ಕೈ ಹಿಡಿದಳು.

ಪಕ್ಕದ ಕಟ್ಟೆಯ ಮೇಲೆ ಕುಳಿತು ಅಕ್ಕೋರು ಫಾರ್ಮು ತುಂಬಿದ ಮೇಲೆ, ನಾವು ಮನೆ ಬಳಸಿ ಹಿತ್ತಲ ಕಡೆಯಿಂದ ಮುಂದಿನ ಓಣಿಗೆ ತಿರುಗುತ್ತಿದ್ದಾಗ ಸಣ್ಣ ಸೊಸೆ ಅಡ್ಡ ಬಂದಳು. ಮೂವತ್ತು ತುಂಬಿರಲಿಲ್ಲ ಅನಿಸುತ್ತದೆ. ಅವಳ ಹಿಂದೆ, ಹಿತ್ತಲಿಗೆ ಚಾಚಿದ ದನದ ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿಟ್ಟ ಒಲೆ, ಮೇಲೊಂದು ಗಡಿಗೆ ಕಾಣುತ್ತಿತ್ತು.

"ಅಕ್ಕೋರ, ನನ್ನ ಒಲಿ ಬರದ್ರಿಲ್ಲೋ?"

"ಬರದೇನವಾ."

"ಬ್ಯಾರೇನ?"

"ಬ್ಯಾರೇನ."

"ಮೊದಲನೇ ಹೆಸರು ನಂದ ಬರದ್ರಿ?" ಎಂದು ಕೇಳಿದಳು. ಪ್ರತಿ ಕುಟುಂಬದ ಸಾಲಿನಲ್ಲಿ ಮೊದಲು ಮುಖ್ಯಸ್ಥರ ಹೆಸರು ಬರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಅಕ್ಕೋರು ಹೌದೆಂದರು. ಅವಳು ಇನ್ನೇನೋ ಕೇಳಲು ಹೊರಟು, ನನ್ನನ್ನು ನೋಡಿ, ಒಳಗೆ ಹೋಗಿಬಿಟ್ಟಳು. ಅವಳಿಗೆ ಇದರಿಂದ ರೇಷನ್ ಕಾರ್ಡು ಸಿಗುವುದಿಲ್ಲ, ಪಾಲು ಸಿಗುವುದಿಲ್ಲ. ಅಕ್ಕೋರು ಅದನ್ನು ಮೊದಲೇ ಹೇಳಿದ್ದರಂತೆ. ಎಲ್ಲಾದರೂ ಒಂದು ಕಾಗದದಲ್ಲಿ ತನ್ನ ಹೆಸರು ಇನ್ಯಾರ ಕೆಳಗೂ ಇರಬಾರದು ಎಂಬುದಷ್ಟೇ ಅವಳಿಗೆ ಬೇಕಿತ್ತು.

ಬಸ್ಸಿಗೆ ಕಾಯುತ್ತ ನಿಂತಾಗ ಅಕ್ಕೋರು, "ಗ್ವಾಡಿ ಬಗ್ಗೆ ಬರೀರಿ, ಹೆಂಚಿನ ಬಗ್ಗೆ ಬರೀರಿ. ಪಲ್ಯೆದ ಸುದ್ದಿ ಬರದ್ರೂ ನಡದೀತು. ಆ ಹುಡಿಗಿ ಮಾತ ಬ್ಯಾಡ," ಎಂದರು. ನಾನು ಹೂಂ ಅಂದೆ. ಆ ಹೂಂ ನನಗೆ ಸ್ಪಷ್ಟವಾಗಿ ನೆನಪಿದೆ...

ಕಚೇರಿಯಲ್ಲಿ ಕುಳಿತು ಬರೆಯುವಾಗ ಆ ಮಾತಿಲ್ಲದೆ ವರದಿ ಚಪ್ಪೆಯಾಗಿ ಕಂಡಿತು. ಹೆಸರು ಹಾಕದಿದ್ದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಊರಿನ ಹೆಸರನ್ನೂ ಬಿಟ್ಟೆ. ಆದರೆ ಇಪ್ಪತ್ತು ಜನ ಕೂರುವ ಕಟ್ಟೆ ಎಂದು ಬರೆದೆ, ಮೂರು ಬಟ್ಟಲು ಎಂದು ಬರೆದೆ, ಹಾವು ಕಚ್ಚಿದ್ದನ್ನು ಬರೆದೆ. ಕೊಟ್ಟಿಗೆಯ ಒಲೆಯ ಮುಂದೆ ನಿಂತ ವಿಧವೆ "ಮೊದಲನೇ ಹೆಸರು ನಂದ ಬರದ್ರಿ?" ಎಂದು ಕೇಳಿದ್ದರಿಂದಲೇ ವರದಿ ಮುಗಿಸಿದೆ. ಮುಖ್ಯ ವರದಿಗಾರರು ಒಂದಕ್ಷರ ತಿದ್ದಲಿಲ್ಲ. ಜಿಲ್ಲಾ ಪುಟದಲ್ಲಿ ಚೌಕಟ್ಟಿನೊಳಗೆ ನನ್ನ ಹೆಸರಿನೊಂದಿಗೆ ಬಂತು. ನನ್ನ ಹೆಸರು ಹಾಗೆ ಅಚ್ಚಾದದ್ದು ಅದೇ ಮೊದಲು.

ಆ ಊರಿಗೆ ನಮ್ಮ ಪತ್ರಿಕೆಯ ಮೂರು ಪ್ರತಿ ಹೋಗುತ್ತಿದ್ದವು. ಒಂದು ಚಹಾದಂಗಡಿಗೆ. ಅಲ್ಲಿ ಯಾರೋ ಗಟ್ಟಿಯಾಗಿ ಓದಿದರು.

ಮುಂದಿನದ್ದು ನನಗೆ ಗೊತ್ತಾದದ್ದು ಚಳಿಗಾಲದ ಕೊನೆಗೆ. ತಲೆ ಎಣಿಕೆ ಶುರುವಾಗಿತ್ತು. ಬೇರೆ ಕೆಲಸಕ್ಕೆ ಹೋದವನು ಮೋಟೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಅಕ್ಕೋರನ್ನು ಕಂಡೆ. ನಾನೇ ಹೋಗಿ ಮಾತಾಡಿಸಿದೆ. ಸಂತೋಷದಿಂದಲೇ ಹೋಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಅವರು ನಡೆದದ್ದನ್ನು ಹಾಜರಿ ಪುಸ್ತಕ ಓದಿದಂತೆ ಹೇಳಿದರು. ಪತ್ರಿಕೆ ಓದಿದ ದಿನವೇ, ಮನೆ ಒಡೆದ ಸುದ್ದಿಯನ್ನು ಸಣ್ಣ ಸೊಸೆಯೇ ಪೇಪರಿನವರಿಗೆ ಹೇಳಿಕೊಟ್ಟಳು ಎಂದು ಊರಲ್ಲಿ ಮಾತಾಯಿತಂತೆ. ಮೂರನೆಯ ದಿನ ಹಿರಿಯ ಮಗ ಕೊಟ್ಟಿಗೆಗೆ ಹೋಗಿ ಒಲೆಯ ಕಲ್ಲುಗಳನ್ನು ಕಿತ್ತು ಹಿತ್ತಲಿಗೆ ಎಸೆದನಂತೆ. ಉಳಿದ ಎರಡು ಒಲೆಗಳಿಗೆ ಯಾರೂ ಕೈ ಹಚ್ಚಲಿಲ್ಲ. ಅವಳು ಕೆಲವು ವಾರ ಹಿರಿಯವಳ ಅಡುಗೆಮನೆಯಲ್ಲಿ ಕಡೆಯ ಪಂಕ್ತಿಗೆ ಉಂಡು, ಆಮೇಲೆ ತವರಿಗೆ ಹೋದಳಂತೆ. ಪತ್ರಕರ್ತನನ್ನು ಜೊತೆಗೆ ಕರೆದೊಯ್ದಿದ್ದಕ್ಕೆ ಅಕ್ಕೋರಿಗೆ ಮೇಲಿನಿಂದ ಕಾರಣ ಕೇಳಿ ಪತ್ರ ಬಂದಿತ್ತು. ಈಗ ತಲೆ ಎಣಿಸಲು ಹೋದಾಗ ದೊಡ್ಡ ಮನೆಯಲ್ಲಿ ಎರಡು ಕುಟುಂಬ ಎಂದು ಬರೆದುಕೊಂಡು ಬಂದೆ ಎಂದರು. ಆಯಿ ಹೊರಗೆ ಬರಲೇ ಇಲ್ಲವಂತೆ.

ನಾನು ವರದಿ ಮಾಡಿದ ಸಂಗತಿಯನ್ನು ನನ್ನ ವರದಿಯೇ ಇಲ್ಲದಂತೆ ಮಾಡಿತ್ತು. "ನಾ ಹೆಸರು ಹಾಕಿರಲಿಲ್ಲರಿ ಅಕ್ಕೋರ," ಎಂದೆ.

"ಸುಳ್ಳ ಬರದಿಲ್ಲ ಬಿಡ್ರಿ ನೀವು," ಎಂದರು ಅವರು. "ಅದಕ್ಕ ನಿಮಗ ಏನ ಅನ್ನಾಕೂ ಬರದಂಗ ಆಗೇತಿ."

ಬಸ್ಸು ಬಂತು, ಹತ್ತಿದರು. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಆ ವರ್ಷವೇ ನನಗೆ ಹುಬ್ಬಳ್ಳಿಗೆ ವರ್ಗವಾಯಿತು, ಅಲ್ಲಿಂದ ಬೇರೆ ಕಡೆಗೆ. ಹಾವೇರಿಗೆ ಮರಳಿ ಐದು ವರ್ಷವಾಗಿದೆ. ಹಲಗೇರಿ ಇಲ್ಲಿಂದ ದೂರವೇನಲ್ಲ. ಅವರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕೆಂದು ಎಷ್ಟೋ ಸಲ ಅನಿಸಿದೆ. ರಾಣೇಬೆನ್ನೂರಿಗೆ ಹೋದಾಗೆಲ್ಲ ಇವತ್ತು ಹೊತ್ತಾಯಿತು, ಇನ್ನೊಮ್ಮೆ ಎಂದುಕೊಂಡಿದ್ದೇನೆ. ಒಬ್ಬ ವರದಿಗಾರ ಗಡಿಯಾರ ನೋಡಿಕೊಂಡೇ ಇಪ್ಪತ್ತೈದು ವರ್ಷ ಕಳೆಯಬಲ್ಲ...

ಮರದ ಅಡ್ಡೆಯಿಂದ ಬಂದ ಮರುವಾರ ಹಲಗೇರಿಗೆ ಹೋದೆ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಅಕ್ಕೋರ ಮನೆ ಕೇಳಿದೆ. ಅಂಗಡಿಯವನು ತೂಕ ಮಾಡುತ್ತಲೇ, "ಅಕ್ಕೋರು ಹೋಗಿ ಎರಡ ವರ್ಷ ಆತಲ್ರಿ," ಎಂದ. ನನ್ನ ಮುಖ ನೋಡಿ, "ಮನ್ಯಾಗ ಆಕಿ ಅದಾಳ. ಹೋಗ್ರಿ," ಎಂದು ದಾರಿ ತೋರಿಸಿದ. ಆಕೆ ಯಾರು ಎಂದು ನಾನು ಕೇಳಲಿಲ್ಲ. ಕೇಳುವುದೇ ಕಸುಬಾದವನು ಹಾಗೆಯೇ ನಡೆದೆ.

ಮನೆ ಚಿಕ್ಕದು. ಮುಂದೆ ಒಂದು ಪಡಸಾಲೆ, ಎರಡು ಖೋಲಿ, ಹಿತ್ತಲಿಗೆ ತಾಗಿ ಹೆಂಚಿನ ಇನ್ನೊಂದು ಖೋಲಿ. ಐವತ್ತೈದರ ಆಸುಪಾಸಿನ ಹೆಂಗಸು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನಗೆ ಗುರುತು ಸಿಗಲಿಲ್ಲ. ಹಾವೇರಿಯಿಂದ ಬಂದೆ, ಪತ್ರಿಕೆಯವನು, ಬಹಳ ವರ್ಷದ ಹಿಂದೆ ಅಕ್ಕೋರ ಜೊತೆ ಒಂದು ದಿನ ಮನೆಪಟ್ಟಿಗೆ ಅಡ್ಡಾಡಿದ್ದೆ ಎಂದೆ. ಅವಳ ಕೈಯ ಮೊರ ನಿಂತಿತು.

"ಮೂರ ಬಟ್ಟಲ ಪುಂಡಿಪಲ್ಯೆ ತಿಂದವರು," ಎಂದಳು.

ಆಗ ಗೊತ್ತಾಯಿತು. ದೊಡ್ಡ ಮನೆಯ ಸಣ್ಣ ಸೊಸೆ. ನಾನು ನಿಂತೇ ಇದ್ದೆ. "ಕುಂದರ್ರಿ" ಎಂದು ಪಕ್ಕಕ್ಕೆ ಸರಿದಳು. ತಪ್ಪಾಯಿತು ಎಂದೆ. ಇಷ್ಟು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ವಾಕ್ಯಗಳಲ್ಲಿ ಅದೊಂದೇ ಹೊರಗೆ ಬಂತು.

"ನಿಮ್ಮ ಪೇಪರಿನಿಂದ ನನ್ನ ಒಲಿ ಒಡೀತು, ಖರೇ," ಎಂದಳು. "ಆದ್ರ ತಪ್ಪಾತು ಅನ್ನೂದನ್ನ ಅವರಿಗೆ ಹೇಳಬೇಕಿತ್ತು. ಪೇಪರ್ ಬಂದ ಕೂಡ್ಲೆ ಮೊದಲ ನಿಮ್ಮ ಹೆಸರು ಎಲ್ಲೈತಿ ಅಂತ ನೋಡ್ತಿದ್ರು."

"ಏನರೆ ಅಂತಿದ್ರೇನು?"

"ಏನೂ ಇಲ್ಲ. ನೋಡ್ತಿದ್ರು, ಓದ್ತಿದ್ರು, ಮಡಚಿ ಇಡ್ತಿದ್ರು."

ಅವಳು ಮತ್ತೆ ಜೋಳ ಕೇರತೊಡಗಿದಳು, ಕೇರುತ್ತಲೇ ಹೇಳಿದಳು. ತವರಲ್ಲಿ ಮೂರು ವರ್ಷ ಇದ್ದಳಂತೆ. ಅಲ್ಲಿಯೂ ಅಣ್ಣನ ಹೆಂಡತಿಯ ಒಲೆ. ಒಂದು ದಿನ ಅಕ್ಕೋರು ಕೊಡೆ ಹಿಡಿದು ಹುಡುಕಿಕೊಂಡು ಬಂದು, ಹಲಗೇರಿ ಕಡೆ ಒಂದು ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಕೆಲಸವಿದೆ, ಬರುತ್ತೀಯಾ ಎಂದು ಕೇಳಿದರಂತೆ. ಹಿತ್ತಲ ಖೋಲಿ ಬಿಟ್ಟುಕೊಟ್ಟು, ಅದರೊಳಗೆ ತಾವೇ ಮುಂದೆ ನಿಂತು ಒಲೆ ಹಾಕಿಸಿದರಂತೆ.

"ನಾ ಅಂದೆ, ಅಕ್ಕೋರ, ನೀವೊಬ್ಬಾಕಿ, ನಾನೊಬ್ಬಾಕಿ. ಯ್ಯಾಡ್ ಒಲಿ ಯಾಕ, ಕೂಡಿ ಉಣ್ಣೂನು. ಬ್ಯಾಡಂದ್ರು. ಕೂಡಿ ಉಂಡ್ರ ನೀ ನನ್ನ ಕೆಳಗಿನ ಸಾಲಿಗೆ ಹೋಗ್ತಿ ಅಂದ್ರು." ಅವಳು ನಕ್ಕಳು. "ಹಟಮಾರಿ ಇದ್ರು ಬಿಡ್ರಿ. ಹಬ್ಬದಾಗೂ ಹೋಳಿಗಿ ಬಟ್ಟಲದಾಗ ಹಾಕಿ ಕೊಟ್ಟ ಕಳಸ್ತಿದ್ರು, ಒಂದ ಪಂಕ್ತಿಗೆ ಕುಂದರಸ್ತಿದ್ದಿಲ್ಲ. ಮುಂದ ಮನಿ ಬರಕೊಳ್ಳಾವ್ರು ಬಂದ್ರಲ್ಲ, ಅವರಿಗೆ ಕಟ್ಟಿ ಮ್ಯಾಲ ಕುಂತ ಹೇಳಿದ್ರು, ಇಲ್ಲಿ ಯ್ಯಾಡ್ ಅದಾವು, ಹಿಂದ ಹೋಗಿ ಆಕೀನ ಕೇಳ್ರಿ ಅಂತ. ಬಂದ ಬರಕೊಂಡ್ರು. ಮೊದಲನೇ ಹೆಸರು ನಂದ. ಕಡೀ ಹೆಸರೂ ನಂದ."

ನಾನು ಬರೆದುಕೊಳ್ಳುತ್ತಿರಲಿಲ್ಲ. ಅದನ್ನು ಅವಳು ಗಮನಿಸಿದಳು. "ಬರಕೋರಿ, ಈಗೇನ ಆಗೂದಿಲ್ಲ," ಎಂದಳು. ನಾನು ಪುಸ್ತಕ ತೆಗೆಯಲಿಲ್ಲ.

ಕೇರಿದ ಜೋಳವನ್ನು ಬುಟ್ಟಿಗೆ ಸುರಿದಳು. ಆಮೇಲೆ ಕೊನೆಯ ದಿನಗಳ ಬಗ್ಗೆ ಹೇಳಿದಳು. ಅಕ್ಕೋರು ಹಾಸಿಗೆ ಹಿಡಿದು ಮೂರು ತಿಂಗಳಿದ್ದರಂತೆ. ಎದ್ದು ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಇವಳು ತನ್ನ ಒಲೆಯ ಮೇಲೆ ಇಬ್ಬರಿಗೂ ಮಾಡಿ, ತಟ್ಟೆ ಒಯ್ದು, ಹಾಸಿಗೆಯ ಪಕ್ಕದಲ್ಲೇ ಕುಳಿತು ಅವರಿಗೂ ಉಣಿಸಿ ತಾನೂ ಉಣ್ಣುತ್ತಿದ್ದಳು.

"ಒಂದಿನ ಚ್ಯಾಷ್ಟಿಗೆ ಕೇಳಿದೆ, ಈಗ ಯಾರರೆ ಬಂದ್ರ ಎಷ್ಟ ಅಂತ ಬರಸ್ತೀರಿ ಅಕ್ಕೋರ, ಅಂತ. ಒಂದು ಅಂದ್ರು. ಮೊದಲನೇ ಹೆಸರು ನಿಂದು, ಯ್ಯಾಡ್ನೇದು ನಂದು ಅಂದ್ರು."

ಜನಗಣತಿ ಹತ್ತು ವರ್ಷಕ್ಕೊಮ್ಮೆ ಬರಬೇಕು. ಈ ಸಲ ಅದೂ ತಡವಾಯಿತು. ಹಲಗೇರಿಯ ಆ ಮನೆಯಲ್ಲಿ ಇಬ್ಬರು ಒಂದೇ ಒಲೆಯಲ್ಲಿ ಉಂಡ ಮೂರು ತಿಂಗಳು ಯಾವ ಪಟ್ಟಿಯಲ್ಲೂ ಸೇರಿಲ್ಲ. ಎಣಿಸುವವರು ಇನ್ನು ಬಂದಾಗ ಅಲ್ಲಿ ಒಂದು ಕುಟುಂಬ, ಒಬ್ಬರು ಎಂದು ಬರೆದುಕೊಳ್ಳುತ್ತಾರೆ. ಆ ಅಂಕಿಯಲ್ಲಿ ತಪ್ಪೇನೂ ಇರುವುದಿಲ್ಲ.